ಹೆಸರು ದುಡಿದವನದು, ಕಾಗದ ಯಾರದು?

2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರ್ ಸ್ಯಾಂಡಲ್ ಸಾಬೂನು ತಯಾರಿಸುತ್ತಿದ್ದ ಜಾಲವೊಂದು ಸಿಕ್ಕಿಬಿತ್ತು. ಸುಮಾರು 2 ಕೋಟಿ ರೂಪಾಯಿ ಬೆಲೆಯ ಸಾಬೂನು, ಹೊದಿಕೆ, ಪೆಟ್ಟಿಗೆಗಳು ಪೊಲೀಸರ ವಶವಾದವು, ಇಬ್ಬರು ಬಂಧಿತರಾದರು. ನಮ್ಮ ಯಶವಂತಪುರದ ಕಾರ್ಖಾನೆಯ ಹೆಸರು ಹೊತ್ತಿದ್ದ ಆ ಸಾಬೂನು ಯಶವಂತಪುರವನ್ನು ಕಂಡದ್ದೇ ಇಲ್ಲ!

ಆ ಹೆಸರು ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಮೊದಲನೆಯ ಮಹಾಯುದ್ಧ ಕಾಲದಲ್ಲಿ ಯೂರೋಪಿಗೆ ಹೋಗಬೇಕಾದ ಶ್ರೀಗಂಧ ಇಲ್ಲಿಯೇ ಉಳಿದುಬಿಟ್ಟಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಗಂಧದೆಣ್ಣೆಯ ಸಾಬೂನಿಗೆ ಹದ ಕೂಡಿಸಿದರು. 1957ರಲ್ಲಿ ಕಾರ್ಖಾನೆ ಯಶವಂತಪುರದ ಕಡೆಗೆ ಬಂದಿತು. 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಕಂಪನಿಯಾಯಿತು. ಆನೆಯ ತಲೆ, ಸಿಂಹದ ಮೈ ಉಳ್ಳ ಶರಭನ ಗುರುತನ್ನು ಕಂಡು ಜನ ಕಣ್ಣು ಮುಚ್ಚಿ ಕಾಸು ಕೊಡುತ್ತಾರೆ. ಆ ನಂಬಿಕೆ ಕಟ್ಟಿದವರು ಯಾರು? ಶಾಸ್ತ್ರಿಗಳ ಜಾಣ್ಮೆಯಷ್ಟೇ ಅಲ್ಲ, ಸಾಬೂನು ಕುದಿಸಿದ, ಅಚ್ಚೊತ್ತಿದ, ಪೊಟ್ಟಣ ಕಟ್ಟಿದ ಮೂರು ತಲೆಮಾರಿನ ಕೂಲಿಕಾರರ ಕೈಗಳೂ ಅದನ್ನು ಕಟ್ಟಿವೆ. ನಕಲಿ ಸಾಬೂನು ಒಂದು ಪೆಟ್ಟಿಗೆ ಮಾರಿದರೆ ಅಸಲಿ ಸಾಬೂನು ಒಂದು ಪೆಟ್ಟಿಗೆ ಕಡಮೆ ಮಾರುತ್ತದೆ. ಕಾರ್ಖಾನೆಯಲ್ಲಿ ಅಷ್ಟು ಕೆಲಸ ಕಡಮೆಯಾಗುತ್ತದೆ. ಹೆಸರಿನ ಕಳ್ಳತನವೆಂದರೆ ದುಡಿಮೆಯ ಕಳ್ಳತನ.

ಸರ್ಕಾರದ ಕಾರ್ಖಾನೆಗೆ ವಕೀಲರಿದ್ದಾರೆ, ಗುಮಾಸ್ತರಿದ್ದಾರೆ, ಮಂತ್ರಿಗಳ ಬೆಂಬಲವಿದೆ. ದೂರು ಕೊಟ್ಟರೆ ಇನ್ನೊಂದು ರಾಜ್ಯದ ಪೊಲೀಸರೂ ಓಡಿ ಬರುತ್ತಾರೆ. ಆದರೆ ಯಶವಂತಪುರ ಮಾರುಕಟ್ಟೆಯಲ್ಲಿ ಅಕ್ಕಿ ಚೀಲಕ್ಕೆ ತನ್ನ ಗುರುತು ಹಾಕಿಸುವ ಸಣ್ಣ ಮಂಡಿಯವನಿಗೆ, ಹೆಬ್ಬಾಳದಲ್ಲಿ ರಾಗಿ ಹಿಟ್ಟು ಪೊಟ್ಟಣ ಕಟ್ಟುವವನಿಗೆ, ಯಲಹಂಕದಲ್ಲಿ ಉಪ್ಪಿನಕಾಯಿ ಮಾಡಿ ಮಾರುವ ಮನೆಯವರಿಗೆ, ಪೀಣ್ಯದ ಸಣ್ಣ ವರ್ಕ್‌ಷಾಪಿನವನಿಗೆ ಯಾರಿದ್ದಾರೆ? ಅವರ ಹೆಸರನ್ನು ಮತ್ತೊಬ್ಬ ಎತ್ತಿಕೊಂಡರೆ ಅವರ ಪರವಾಗಿ ಮಾತನಾಡುವ ಸಾಕ್ಷಿ ಒಂದೇ: ಅವರೇ ಜೋಪಾನ ಮಾಡಿಟ್ಟ ಕಾಗದ. ಆ ಕಾಗದ ಯಾವುದು, ಅದನ್ನು ಹೇಗೆ ಸಿದ್ಧಮಾಡಬೇಕು, ಅದಕ್ಕಾಗಿ ಸರ್ಕಾರ ನಮಗೆ ಏನು ಮಾಡಿಕೊಡಬೇಕು ಎಂಬುದೇ ಈ ಲೇಖನದ ವಿಷಯ.

ನಮಗೇಕೆ ಈ ಗೊಡವೆ?

"ಟ್ರೇಡ್‌ಮಾರ್ಕು ಬಂಡವಾಳಗಾರರ ಆಟ. ಸಮಾಜವಾದಿಗೆ ಅದರಿಂದೇನು?" ಎಂದು ಕೆಲವು ಮಿತ್ರರು ಕೇಳುತ್ತಾರೆ. ಅವರಿಗೆ ಮಂಗಳೂರು ಗಣೇಶ ಬೀಡಿಯ ಕಥೆ ಹೇಳಬೇಕು. ಆ ಪಾಲುದಾರಿಕೆ ಸಂಸ್ಥೆ 1987ರಲ್ಲಿ ವಿಸರ್ಜನೆಯಾಯಿತು. ಪಾಲುದಾರರ ನಡುವೆಯೇ ನಡೆದ ಹರಾಜಿನಲ್ಲಿ, 1994ರಲ್ಲಿ, ಮೂವರು ಪಾಲುದಾರರು ಸೇರಿ 92 ಕೋಟಿ ರೂಪಾಯಿಗೆ ಅದನ್ನು ಕೊಂಡರು. ಬೀಡಿ ಕಟ್ಟಲು ದೊಡ್ಡ ಯಂತ್ರ ಬೇಕೆ? ಎಲೆ, ಹೊಗೆಸೊಪ್ಪು, ದಾರ, ಒಂದು ಕತ್ತರಿ, ಒಂದು ಮೊರ. ಹಾಗಿದ್ದರೆ ಅಷ್ಟು ಹಣ ಯಾತಕ್ಕೆ? ಮುಂದೆ ವರಮಾನ ತೆರಿಗೆಯ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. ಟ್ರೇಡ್‌ಮಾರ್ಕು, ಕಾಪಿರೈಟು, ತಯಾರಿಕೆಯ ಗುಟ್ಟು ಇವೂ ಬೆಲೆ ತೆತ್ತು ಕೊಂಡ ಸ್ವತ್ತು, ಯಂತ್ರದಂತೆಯೇ ಇವಕ್ಕೂ ಸವಕಳಿ ಲೆಕ್ಕ ಹಾಕಬಹುದು ಎಂದು 2015ರಲ್ಲಿ ಆ ನ್ಯಾಯಾಲಯ ಹೇಳಿತು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಎಣಿಸಿಕೊಂಡ ಹೆಂಗಸರ ಬೆರಳುಗಳು ಕಟ್ಟಿದ ಹೆಸರು ಅದು. ಕಟ್ಟಿದವರಿಗೆ ಸಾವಿರದ ಲೆಕ್ಕ. ಕಾಗದ ಇದ್ದವರಿಗೆ ಕೋಟಿಯ ಲೆಕ್ಕ!

ಇದರಿಂದ ನಾವು ಕಲಿಯಬೇಕಾದುದೇನು? ಹೆಸರು ಆಸ್ತಿ ಎಂಬುದನ್ನು ಉಳ್ಳವರು ಎಂದೋ ಅರಿತಿದ್ದಾರೆ. ಅರಿಯದವರು ನಾವು. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಜಾಬ್ ವರ್ಕ್ ಮಾಡಿಕೊಡುವವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಬಿಡಿಭಾಗ ಕೊರೆಯುವವನು ಇವನು, ಮೇಲೆ ಹೆಸರು ಅಚ್ಚೊತ್ತುವವನು ಬೇರೊಬ್ಬ. ತನ್ನ ಹೆಸರಿಲ್ಲದ ಮಾಲಿಗೆ ಕೊಳ್ಳುವವನು ಹೇಳಿದ್ದೇ ದರ. ಗಿರಣಿ ಮುಚ್ಚಿದ ಮೇಲೆ ಸಣ್ಣ ಕಸುಬು ಹಿಡಿದ ಕಾರ್ಮಿಕ ಬಂಧುಗಳು ನಮ್ಮಲ್ಲಿ ಬಹಳ ಮಂದಿ. ಅವರು ಎರಡನೆಯ ಸಲವೂ ಬರಿಗೈಯಾಗಬಾರದು.

ಕಾನೂನು ಏನು ಹೇಳುತ್ತದೆ?

ಈಗ ಜಾರಿಯಲ್ಲಿರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ. 1958ರ ಹಳೆಯ ಕಾಯಿದೆಯ ಜಾಗಕ್ಕೆ ಇದು 2003ರ ಸೆಪ್ಟೆಂಬರ್ 15ರಿಂದ ಬಂದಿತು. ಇದರ ನಿಯಮಗಳನ್ನು 2017ರಲ್ಲಿ ಹೊಸದಾಗಿ ಮಾಡಿದರು. ಕಾಯಿದೆ ಎರಡು ಬಗೆಯ ಹಕ್ಕನ್ನು ಒಪ್ಪುತ್ತದೆ. ಮೊದಲು ಬಳಸಿದವನ ಹಕ್ಕು ಒಂದು. ರಿಜಿಸ್ಟರು ಮಾಡಿಸಿದವನ ಹಕ್ಕು ಇನ್ನೊಂದು. ರಿಜಿಸ್ಟರು ಮಾಡಿಸಿದವನು ತನ್ನ ಸರ್ಟಿಫಿಕೇಟು ತೋರಿಸಿದರೆ ಸಾಕು, ಉಲ್ಲಂಘನೆಯ ದಾವೆ ಹೂಡಬಹುದು. ಮಾಡಿಸದವನು ತಾನು ಎಷ್ಟು ವರ್ಷದಿಂದ ಆ ಹೆಸರಿನಲ್ಲಿ ವ್ಯಾಪಾರ ಮಾಡಿದ್ದೇನೆ, ಜನ ತನ್ನನ್ನು ಹೇಗೆ ಗುರುತಿಸುತ್ತಾರೆ ಎಂಬುದನ್ನೆಲ್ಲ ಕೋರ್ಟಿನಲ್ಲಿ ಒಂದೊಂದಾಗಿ ರುಜುವಾತು ಮಾಡಬೇಕು.

ಆದರೂ ಮೊದಲು ಬಳಸಿದವನನ್ನು ಕಾನೂನು ಕೈಬಿಟ್ಟಿಲ್ಲ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾದ ವ್ಯಾಜ್ಯವನ್ನು ನೋಡಿರಿ. ಇರುಟ್ಟುಕಡೈ ಎಂದರೆ ಕತ್ತಲೆಯ ಅಂಗಡಿ. ಹೆಸರು ಅಷ್ಟು ಸಣ್ಣದು, ಅಂಗಡಿ ಅಷ್ಟು ಹಳೆಯದು. ಆ ವ್ಯಾಜ್ಯದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು, ರಿಜಿಸ್ಟ್ರಿಯ ಹಕ್ಕಿಗಿಂತ ಮೊದಲು ಬಳಸಿದವರ ಹಕ್ಕು ಮೇಲು ಎಂದು ತೀರ್ಪು ಕೊಟ್ಟಿತು. ಸಣ್ಣ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕೆ? ಆದರೆ ಭರವಸೆಯ ಬೆನ್ನಿಗೇ ಪ್ರಶ್ನೆಯೊಂದು ಕಾದಿದೆ: ಮೊದಲು ಬಳಸಿದವನು ನೀನೇ ಎನ್ನುವುದಕ್ಕೆ ಏನು ಸಾಕ್ಷಿ?

ನಮ್ಮ ಪಕ್ಕದಲ್ಲಿಯೇ ನಡೆದ ಇನ್ನೊಂದು ವ್ಯಾಜ್ಯವಿದೆ. ಯಲಹಂಕದ ಮದರ್ ಡೈರಿಯಿಂದ ಹೊರಡುವ ಹಾಲಿನ ಪೊಟ್ಟಣದ ಮೇಲೆ ನಂದಿನಿ ಎಂಬ ಹೆಸರಿದೆ. ಹಾಲು ಮಹಾಮಂಡಳ ಇದನ್ನು 1985ರಿಂದ ಬಳಸುತ್ತಿದೆ. 1989ರಲ್ಲಿ ಬೆಂಗಳೂರಿನಲ್ಲಿಯೇ ಅದೇ ಹೆಸರಿನ ಹೋಟೆಲು ಶುರುವಾಯಿತು. ಇಂಗ್ಲಿಷ್ ಬರಹದಲ್ಲಿ ಒಂದು ಎಚ್ ಅಕ್ಷರ ಹೆಚ್ಚು. ಹೋಟೆಲಿನವರು ತಿಂಡಿ ಪದಾರ್ಥಗಳಿಗೆ ಈ ಹೆಸರನ್ನು ರಿಜಿಸ್ಟರು ಮಾಡಿಸಲು ಹೋದಾಗ ಮಹಾಮಂಡಳ ಅಡ್ಡ ಬಂದಿತು. 2007ರಲ್ಲಿ ರಿಜಿಸ್ಟ್ರಾರರ ಕಚೇರಿ ಹೋಟೆಲಿನ ಪರ. 2011ರಲ್ಲಿ ಮೇಲ್ಮನವಿ ಮಂಡಳಿ ಮಹಾಮಂಡಳದ ಪರ. 2014ರಲ್ಲಿ ಹೈಕೋರ್ಟೂ ಮಹಾಮಂಡಳದ ಪರ. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಪರವಾಗಿ ತೀರ್ಪು ಕೊಟ್ಟಿತು. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಬಿಡಬೇಕೆಂದಿತು. ನಂದಿನಿ ದೇವಿಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೋ ಹೊಸದಾಗಿ ಕಟ್ಟಿದ ಮಾತಲ್ಲ. ಎರಡು ಗುರುತುಗಳ ಚಿತ್ರ ಬೇರೆ, ಮಾರುವ ಮಾಲೂ ಬೇರೆ ಎಂಬುದು ಅಲ್ಲಿಯ ವಿಚಾರ. ತೀರ್ಪಿನ ಬಗೆಗೆ ಅವರವರ ಅಭಿಪ್ರಾಯ ಏನೇ ಇರಲಿ, ಎರಡು ಸಂಗತಿ ಸ್ಪಷ್ಟ. ಎಲ್ಲರೂ ಇಡುವ ಹೆಸರಿಗೆ ಬೇಲಿ ಹಾಕುವುದು ಕಷ್ಟ. ಯಾರು ಯಾವ ವರ್ಷದಿಂದ ಬಳಸಿದರು ಎಂಬ ಲೆಕ್ಕವೇ ಕೊನೆಯವರೆಗೂ ನಿಲ್ಲುತ್ತದೆ. ಹನ್ನೊಂದು ವರ್ಷ ಮೆಟ್ಟಿಲು ಹತ್ತಿ ಇಳಿಯುವ ಶಕ್ತಿ ನಮ್ಮ ಅಂಗಡಿಕಾರರಿಗಿಲ್ಲ. ಆದ್ದರಿಂದ ಮೊದಲ ಮೆಟ್ಟಿಲಿನಲ್ಲಿಯೇ ಕಾಗದ ಗಟ್ಟಿಯಾಗಿರಬೇಕು.

ಮೊದಲು ಒಂದು ಭ್ರಮೆ ಬಿಡಬೇಕು

"ನನಗೆ ಜಿ.ಎಸ್.ಟಿ. ನಂಬರಿದೆ, ಅಂಗಡಿ ಲೈಸೆನ್ಸಿದೆ, ಆಹಾರ ಇಲಾಖೆಯ ಪರವಾನಗಿ ಇದೆ, ಎಲ್ಲದರ ಮೇಲೂ ಹೆಸರಿದೆ. ಇನ್ನೇನು ಬೇಕು?" ಎನ್ನುವವರುಂಟು. ತೆರಿಗೆ ಕಟ್ಟಲು, ಅಂಗಡಿ ತೆರೆಯಲು, ತಿನ್ನುವ ಪದಾರ್ಥ ಮಾರಲು ಕೊಟ್ಟ ಅನುಮತಿ ಅವು. ಹೆಸರಿನ ಒಡೆತನವನ್ನು ಅವು ಕೊಡುವುದಿಲ್ಲ. ಕಂಪನಿಯ ಹೆಸರು ರಿಜಿಸ್ಟರು ಮಾಡಿಸಿದರೂ ಟ್ರೇಡ್‌ಮಾರ್ಕು ಮಾಡಿಸಿದಂತಾಗುವುದಿಲ್ಲ. ಆದರೆ ಈ ಕಾಗದಗಳನ್ನು ಕಡೆಗಣಿಸಬೇಡಿ. ಹೆಸರನ್ನು ಯಾವಾಗಿನಿಂದ ಬಳಸಿದ್ದೀರಿ ಎಂದು ತೋರಿಸಲು ಇವೆಲ್ಲವೂ ಸಾಕ್ಷಿಗೆ ಬರುತ್ತವೆ.

ಹೆಸರಿನ ಆಯ್ಕೆಯ ಬಗೆಗೂ ಒಂದು ಮಾತು. ಮಾಲಿನ ಗುಣವನ್ನೇ ಹೇಳುವ "ಶುದ್ಧ", "ರುಚಿ", "ತಾಜಾ" ಎಂಬ ಮಾತುಗಳನ್ನೂ, ಬರೀ ಊರಿನ ಹೆಸರನ್ನೂ ಒಬ್ಬನಿಗೇ ಬರೆದುಕೊಡಲು ಕಾಯಿದೆಯ 9ನೆಯ ಕಲಂ ಒಪ್ಪುವುದಿಲ್ಲ. ಊದುಬತ್ತಿಗೆ ರಾಮಾಯಣ ಎಂಬ ಹೆಸರು ಕೇಳಿದವನಿಗೆ, ಪವಿತ್ರ ಗ್ರಂಥದ ಹೆಸರು ಒಬ್ಬನ ಸೊತ್ತಾಗದು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ರಾಷ್ಟ್ರಧ್ವಜ, ಮಹಾತ್ಮ ಗಾಂಧಿಯವರ ಹೆಸರು ಮತ್ತು ಚಿತ್ರ ಇವುಗಳನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆಯೇ ತಡೆದಿದೆ. ಗಣೇಶ, ಲಕ್ಷ್ಮಿ, ವೆಂಕಟೇಶ್ವರ ಎಂದು ಇಟ್ಟುಕೊಂಡರೆ ಅದೇ ಬೀದಿಯಲ್ಲಿ ಇನ್ನು ನಾಲ್ವರು ಇಟ್ಟುಕೊಂಡಿರುತ್ತಾರೆ. ದೇವರ ಮೇಲಿನ ಭಕ್ತಿ ಗೋಡೆಯ ಪಟದಲ್ಲಿರಲಿ. ಪೊಟ್ಟಣದ ಮೇಲೆ ಹೊಸ ಮಾತೊಂದನ್ನು ಕಟ್ಟಿರಿ.

ಕಾಗದಗಳು ಯಾವುವು?

ಪಾಠದಲ್ಲಿ ಲೆಕ್ಕ ಹೇಳಿಕೊಡುವಂತೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಆರ್.ಟಿ. ನಗರದಲ್ಲಿ ಒಬ್ಬ ತಾಯಿ ಸಾರಿನ ಪುಡಿ ಮಾಡಿ ಮಾರುತ್ತಾರೆ ಎನ್ನಿರಿ. ಯಜಮಾನರು ಗಿರಣಿಯ ಕೆಲಸ ಕಳೆದುಕೊಂಡವರು; ಈಗ ಸೈಕಲ್ಲಿನ ಮೇಲೆ ಅಂಗಡಿ ಅಂಗಡಿಗೆ ಪೊಟ್ಟಣ ಹಾಕುತ್ತಾರೆ. ಪುಡಿಗೆ "ಒಲೆಗೆಂಪು" ಎಂದು ಹೆಸರಿಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಅವರು ಸಿದ್ಧಮಾಡಬೇಕಾದದ್ದು ಇಷ್ಟು:

1. ಅರ್ಜಿದಾರರು ಯಾರು ಎಂಬ ದಾಖಲೆ. ತಾಯಿಯ ಹೆಸರಿನಲ್ಲೇ ಅರ್ಜಿಯಾದರೆ ಆಧಾರ್, ಪ್ಯಾನ್, ವಿಳಾಸದ ಕಾಗದ ಸಾಕು. ಪಾಲುದಾರಿಕೆಯಾದರೆ ಕರಾರು ಪತ್ರ ಮತ್ತು ಎಲ್ಲ ಪಾಲುದಾರರ ಹೆಸರು. ಕಂಪನಿಯಾದರೆ ಅದರ ಸ್ಥಾಪನೆಯ ಸರ್ಟಿಫಿಕೇಟು. ಇಲ್ಲಿಯೇ ಮನೆಯ ಜಗಳದ ಬೀಜ ಇರುತ್ತದೆ. ದುಡಿಯುವವಳು ತಾಯಿ, ಅರ್ಜಿ ಮೈದುನನ ಹೆಸರಿನಲ್ಲಿ ಎಂದಾಗಬಾರದು. ಅಣ್ಣತಮ್ಮಂದಿರು ಕೂಡಿ ಮಾಡುವ ವ್ಯಾಪಾರವಾದರೆ ಹೆಸರು ಯಾರದು, ಪಾಲಾದರೆ ಯಾರಿಗೆ ಎಂಬುದನ್ನು ಮೊದಲೇ ಬರೆದಿಡಿ.

2. ಗುರುತಿನ ಚಿತ್ರ. ಸ್ವಚ್ಛವಾಗಿ, 8 ಸೆಂಟಿಮೀಟರು ಉದ್ದ 8 ಸೆಂಟಿಮೀಟರು ಅಗಲಕ್ಕೆ ಮೀರದಂತೆ ಇರಬೇಕು. ಬರೀ ಮಾತನ್ನು ಕೇಳುತ್ತೀರೋ, ಚಿತ್ರದ ಸಮೇತ ಕೇಳುತ್ತೀರೋ ತೀರ್ಮಾನಿಸಿರಿ. ಬರೀ ಮಾತಿಗೆ ಸಿಕ್ಕ ರಕ್ಷಣೆ ಯಾವ ಅಕ್ಷರ ವಿನ್ಯಾಸದಲ್ಲಿ ಬರೆದರೂ ನಿಲ್ಲುತ್ತದೆ. ಚಿತ್ರ ಬರೆದುಕೊಟ್ಟ ಕಲಾವಿದನಿಂದ "ಹಣ ಸಂದಿದೆ, ಚಿತ್ರದ ಹಕ್ಕು ಇವರದು" ಎಂದು ಒಂದು ಚೀಟಿ ಬರೆಸಿಕೊಳ್ಳಿರಿ. ಗುರುತು ಕನ್ನಡ ಅಕ್ಷರದಲ್ಲಿದ್ದರೆ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದು, ಇದು ಕನ್ನಡ ಎಂದು ತಿಳಿಸಬೇಕು. "ಒಲೆಗೆಂಪು" ಎಂದರೆ ಒಲೆಯ ಕೆಂಡದ ಕೆಂಪು ಎಂದು ಆ ಕಚೇರಿಗೆ ವಿವರಿಸಬೇಕು.

3. ಮಾಲಿನ ವಿವರ ಮತ್ತು ವರ್ಗ. ಎಲ್ಲ ಮಾಲು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ. 1ರಿಂದ 34ರವರೆಗೆ ಮಾಲು, 35ರಿಂದ 45ರವರೆಗೆ ಸೇವೆ. ಸಾರಿನ ಪುಡಿ, ಹಿಟ್ಟು, ಅಕ್ಕಿ, ಕಾಫಿಪುಡಿ 30ನೆಯ ವರ್ಗ. ಉಪ್ಪಿನಕಾಯಿ, ಅಡಿಗೆ ಎಣ್ಣೆ 29. ಸಾಬೂನು, ಊದುಬತ್ತಿ 3. ಬಟ್ಟೆ 24, ಸೀರೆ, ಸಿದ್ಧ ಉಡುಪು, ಪಾದರಕ್ಷೆ 25. ಬೀಡಿ, ಬೆಂಕಿಪೊಟ್ಟಣ 34. ಹೊಲಿಗೆ ಕೆಲಸ 40. ಹೋಟೆಲು 43. ಶುಲ್ಕ ಒಂದೊಂದು ವರ್ಗಕ್ಕೂ ಬೇರೆ. ಆದ್ದರಿಂದ ಆಸೆಗೆ ಬಿದ್ದು ಹತ್ತು ವರ್ಗ ತುಂಬಬೇಡಿ, ಅಜ್ಞಾನದಿಂದ ತಪ್ಪು ವರ್ಗಕ್ಕೂ ಹಾಕಬೇಡಿ.

4. ಮೊದಲು ಬಳಸಿದ ತಾರೀಖು. ಇನ್ನೂ ಬಳಸಿಲ್ಲವಾದರೆ "ಮುಂದೆ ಬಳಸಲಿದ್ದೇವೆ" ಎಂದು ಬರೆಯಬಹುದು. ಬಳಸಿದ್ದರೆ ದಿನ, ತಿಂಗಳು, ವರ್ಷ ಹೇಳಬೇಕು. ಇಲ್ಲಿ ಜಂಬಕ್ಕೆ ಎಡೆಯಿಲ್ಲ. 2010 ಎಂದು ಬರೆದು 2016ರ ಬಿಲ್ಲು ತೋರಿಸಿದರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

5. ಬಳಕೆಯ ಅಫಿಡವಿಟ್ಟು. ಅರ್ಜಿಗೆ ಮುಂಚಿನಿಂದಲೂ ಹೆಸರು ಬಳಸಿದ್ದೇವೆ ಎನ್ನುವವರು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ, ನೋಟರಿಯ ಮೊಹರು ಹಾಕಿಸಿ ಇದನ್ನು ಕೊಡಲೇಬೇಕು. ಜೊತೆಗೆ ಪುರಾವೆ ಇಡಬೇಕು. ಇಡೀ ಕಟ್ಟಿನ ಜೀವ ಇರುವುದು ಇಲ್ಲಿಯೇ.

6. ಉದ್ಯಮ್ ನೋಂದಣಿಯ ಸರ್ಟಿಫಿಕೇಟು. ಒಬ್ಬ ವ್ಯಕ್ತಿ ತನ್ನ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಪಾಲುದಾರಿಕೆಯೋ ಕಂಪನಿಯೋ ಆದರೆ 9,000. ಸಣ್ಣ ಉದ್ಯಮವೆಂದು ಸರ್ಟಿಫಿಕೇಟು ತೋರಿಸಿದರೆ ಅವರಿಗೂ 4,500. ಒಂದು ಹಾಳೆ ಮರೆತರೆ ಅಷ್ಟೇ ಹಣ ಮತ್ತೆ ತೆರಬೇಕಾಗುತ್ತದೆ.

7. ವಕೀಲರ ಅಥವಾ ಏಜೆಂಟರ ಮೂಲಕ ಹೋಗುವುದಾದರೆ ಅವರಿಗೆ ಕೊಡುವ ಅಧಿಕಾರ ಪತ್ರ.

ಇಷ್ಟೂ ಕೂಡಿಸಿ ಟಿ.ಎಂ.-ಎ ಎಂಬ ನಮೂನೆಯಲ್ಲಿ ಅರ್ಜಿ ಹಾಕಬೇಕು. ಅದಕ್ಕೂ ಮೊದಲು ರಿಜಿಸ್ಟ್ರಿಯ ಜಾಲತಾಣದಲ್ಲಿ ಅದೇ ಹೆಸರು, ಅದರಂತೆ ಧ್ವನಿಸುವ ಹೆಸರು ಬೇರೆಯವರದಾಗಿದೆಯೇ ಎಂದು ಹುಡುಕಿ ನೋಡಬೇಕು. ಹುಡುಕಾಟಕ್ಕೆ ಕಾಸಿಲ್ಲ. ಇದಕ್ಕೂ ದುಡ್ಡು ಕೇಳುವವನನ್ನು ದೂರವಿಡಿ.

ಪುರಾವೆ ಎಂದರೇನು?

ಐದನೆಯ ಕಾಗದದ ಬಗೆಗೆ ಇನ್ನಷ್ಟು ಹೇಳಬೇಕು. ನಮ್ಮವರು ಸೋಲುವುದು ಅಲ್ಲಿ. ದೊಡ್ಡ ಕಂಪನಿಯಲ್ಲಿ ಹಳೆಯ ಬಿಲ್ಲು ಜೋಡಿಸಿಡಲು ಸಂಬಳದ ಗುಮಾಸ್ತನಿದ್ದಾನೆ. ನಮ್ಮ ಅಂಗಡಿಯಲ್ಲಿ ದೀಪಾವಳಿಯ ಲೆಕ್ಕ ಮುಗಿದ ಮೇಲೆ ಹಳೆಯ ಪುಸ್ತಕ ರದ್ದಿಗೆ ಹೋಗುತ್ತದೆ, ಇಲ್ಲವೆ ಕಡಲೆಕಾಯಿಯ ಪೊಟ್ಟಣವಾಗುತ್ತದೆ. ಹತ್ತು ವರ್ಷದ ಹೆಸರನ್ನು ಹತ್ತು ರೂಪಾಯಿಗೆ ಮಾರಿದಂತಾಯಿತು.

ಏನೇನು ಇಡಬೇಕು? ಹೆಸರು ಅಚ್ಚಾಗಿರುವ ಮೊದಲ ಮಾರಾಟದ ಬಿಲ್ಲು. ಅನಂತರ ವರ್ಷಕ್ಕೆ ನಾಲ್ಕಾರು ಬಿಲ್ಲು. ಪ್ರತಿ ಪೊಟ್ಟಣ ಮುದ್ರಿಸಿದ ಪ್ರೆಸ್ಸಿನವನ ರಸೀತಿ. ಬೋರ್ಡು ಬರೆದವನ ರಸೀತಿ. ಜಾತ್ರೆಯಲ್ಲಿ, ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತಿನ ಪ್ರತಿ. ತೆರಿಗೆಯ ಲೆಕ್ಕಪತ್ರ. ಪರವಾನಗಿಗಳು. ಹಳೆಯ ಪೊಟ್ಟಣವೇ ಒಂದೆರಡು. ಎಲ್ಲದರಲ್ಲೂ ಎರಡು ಸಂಗತಿ ಕಾಣಬೇಕು, ಹೆಸರು ಮತ್ತು ತಾರೀಖು. ಹೆಸರಿಲ್ಲದೆ "ಸಾರಿನ ಪುಡಿ 10 ಕಿಲೋ" ಎಂದಷ್ಟೇ ಬರೆದ ಬಿಲ್ಲು ವ್ಯಾಪಾರ ನಡೆದುದನ್ನು ತೋರಿಸುತ್ತದೆ, ಒಲೆಗೆಂಪನ್ನು ತೋರಿಸುವುದಿಲ್ಲ. ಆದ್ದರಿಂದ ಇಂದಿನಿಂದಲೇ ಬಿಲ್ಲಿನ ಸಾಲಿನಲ್ಲಿ ಮಾಲಿನ ಹೆಸರಿನ ಜೊತೆ ನಿಮ್ಮ ಗುರುತಿನ ಹೆಸರನ್ನೂ ಬರೆಯಿರಿ. ಈಗಿನ ಬಿಲ್ಲು ಯಂತ್ರಗಳ ಚೀಟಿ ಬೇಗ ಮಾಸುತ್ತದೆ. ಅದರ ಫೋಟೋ ಪ್ರತಿ ಮಾಡಿಸಿಡಿ. ಮಳೆ, ಗೆದ್ದಲು, ಬಾಡಿಗೆ ಮನೆಯ ಬದಲಾವಣೆ ಇವು ಮೂರೂ ನಮ್ಮ ದಾಖಲೆಯ ವೈರಿಗಳು. ಒಂದು ತಗಡಿನ ಪೆಟ್ಟಿಗೆಗೆ ಎಷ್ಟು ಖರ್ಚು?

ಅರ್ಜಿ ಹಾಕಿದ ಮೇಲೆ

ಅರ್ಜಿ ಹಾಕಿದೊಡನೆ ಕೆಲಸ ಮುಗಿಯಿತೆಂದು ಮಲಗಬಾರದು. ನಂಬರು ಬರುತ್ತದೆ, ಪರಿಶೀಲನೆ ನಡೆಯುತ್ತದೆ, ಆಕ್ಷೇಪಣೆ ಇದ್ದರೆ ವರದಿ ಬರುತ್ತದೆ. ವರದಿ ಕೈಸೇರಿದ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅರ್ಜಿ ಕೈಬಿಟ್ಟಿದ್ದಾರೆಂದು ತೆಗೆದುಹಾಕಬಹುದು. ಒಪ್ಪಿಗೆಯಾದರೆ ಟ್ರೇಡ್ ಮಾರ್ಕ್ಸ್ ಜರ್ನಲ್ ಎಂಬ ವಾರಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳೊಳಗೆ ಯಾರಾದರೂ ತಕರಾರು ತೆಗೆಯಬಹುದು. ಯಾರೂ ತೆಗೆಯದಿದ್ದರೆ ಸರ್ಟಿಫಿಕೇಟು. ಅರ್ಜಿಯ ದಿನದಿಂದ ಹತ್ತು ವರ್ಷ ಅದಕ್ಕೆ ಆಯುಸ್ಸು. ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಹೋಗಬಹುದು. ಅರ್ಜಿ ಹಾಕಿದವರು ಹೆಸರಿನ ಪಕ್ಕ ಟಿ.ಎಂ. ಎಂದು ಬರೆಯಬಹುದು. ವೃತ್ತದೊಳಗೆ ಆರ್ ಎಂಬ ಇಂಗ್ಲಿಷ್ ಅಕ್ಷರ ಹಾಕಲು ಸರ್ಟಿಫಿಕೇಟು ಬಂದಿರಬೇಕು. ಅದಕ್ಕೆ ಮುಂಚೆ ಹಾಕಿದರೆ ದಂಡಕ್ಕೆ ದಾರಿ.

ದಲ್ಲಾಳಿಗಳ ವಿಷಯದಲ್ಲಿ ಎಚ್ಚರ ಬೇಕು. ಮೋಸ ಬಹಳ ಸಲ ಶುಲ್ಕದಲ್ಲಿರುವುದಿಲ್ಲ, ವಿಳಾಸದಲ್ಲಿರುತ್ತದೆ. ಅರ್ಜಿಯಲ್ಲಿ ದಲ್ಲಾಳಿಯ ಇ-ಮೇಲು ಮಾತ್ರ ಇದ್ದರೆ ಸರ್ಕಾರದ ನೋಟೀಸು ಅವನಿಗೆ ಹೋಗುತ್ತದೆ. ಅವನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ತಿಂಗಳು ಕಳೆಯುತ್ತದೆ, ಅರ್ಜಿ ಸಾಯುತ್ತದೆ, ಅಂಗಡಿಯವನು ಬೋರ್ಡಿನ ಮೇಲೆ ಟಿ.ಎಂ. ಎಂದು ಬರೆಸಿಕೊಂಡು ಕುಳಿತಿರುತ್ತಾನೆ. ನಿಮ್ಮ ಸ್ವಂತ ವಿಳಾಸ, ಮನೆಯ ಮಕ್ಕಳು ನೋಡಬಲ್ಲ ಇ-ಮೇಲು ಅರ್ಜಿಯಲ್ಲಿರಲಿ. ಅರ್ಜಿಯ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟು ತಿಂಗಳಿಗೊಮ್ಮೆ ಜಾಲತಾಣದಲ್ಲಿ ನೋಡಿರಿ.

ಸರ್ಕಾರಕ್ಕೆ ನಮ್ಮ ಪ್ರಶ್ನೆ

ನಮ್ಮ ಕರ್ತವ್ಯ ನಾವು ಮಾಡಿದೆವು ಎನ್ನೋಣ. ಸರ್ಕಾರದ್ದು?

ಇಡೀ ದೇಶಕ್ಕೆ ಟ್ರೇಡ್‌ಮಾರ್ಕು ರಿಜಿಸ್ಟ್ರಿ ಇರುವುದು ಐದು ಊರುಗಳಲ್ಲಿ: ಮುಂಬಯಿ, ದೆಹಲಿ, ಕೋಲ್ಕತ್ತ, ಅಹಮದಾಬಾದು, ಚೆನ್ನೈ. ಕರ್ನಾಟಕವೆಲ್ಲವೂ ಚೆನ್ನೈ ಕಚೇರಿಗೆ ಸೇರಿದ್ದು. ಪೀಣ್ಯದಂಥ ಕೈಗಾರಿಕಾ ಪ್ರದೇಶ, ಯಶವಂತಪುರದಂಥ ಮಾರುಕಟ್ಟೆ, ದೊಡ್ಡಬಳ್ಳಾಪುರದಂಥ ಮಗ್ಗದ ಊರು ಸುತ್ತಮುತ್ತ ಇರುವ ಬೆಂಗಳೂರಿನಲ್ಲಿ ಒಂದು ಶಾಖೆ ಇಲ್ಲ! ಎಲ್ಲವೂ ಆನ್‌ಲೈನ್ ಆಗಿದೆಯಲ್ಲ ಎನ್ನುತ್ತಾರೆ. ಆನ್‌ಲೈನ್ ಅರ್ಜಿಗೆ ಡಿಜಿಟಲ್ ಸಹಿ ಬೇಕು, ಇಂಗ್ಲಿಷ್ ಬೇಕು, ಹೇಳಿಕೊಡುವ ಮನುಷ್ಯ ಬೇಕು. ಆ ಮನುಷ್ಯನ ಜಾಗದಲ್ಲಿ ಈಗ ದಲ್ಲಾಳಿ ಕುಳಿತಿದ್ದಾನೆ.

ಎರಡನೆಯದು ಭಾಷೆ. ಅರ್ಜಿ, ನೋಟೀಸು, ಉತ್ತರ ಎಲ್ಲವೂ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕೆಂದು ನಿಯಮ. ಕನ್ನಡದಲ್ಲಿ ಹೆಸರಿಟ್ಟು, ಕನ್ನಡದಲ್ಲಿ ಲೆಕ್ಕ ಬರೆದು, ಕನ್ನಡಿಗರಿಗೆ ಮಾರುವ ತಾಯಿ ತನ್ನ ಹೆಸರು ತನ್ನದೆಂದು ಹೇಳಲು ಎರವಲು ಮಾತನ್ನು ತರಬೇಕು. ತಾನು ಓದಲಾರದ ಅಫಿಡವಿಟ್ಟಿಗೆ ಅವಳು ಪ್ರಮಾಣ ಮಾಡಿ ಸಹಿ ಹಾಕಬೇಕು. ಅದರಲ್ಲಿ ತಾರೀಖು ತಪ್ಪಿದರೆ ಹೊಣೆ ಮಾತ್ರ ಅವಳದೇ! ಇದು ಯಾವ ನ್ಯಾಯ?

ಮೂರನೆಯದು ಶುಲ್ಕ. ಮೊದಲ ಅರ್ಜಿಗೆ ಸಣ್ಣವರಿಗೆ 4,500 ಎಂಬ ರಿಯಾಯಿತಿ ಇದೆ, ಸರಿ. ಹತ್ತು ವರ್ಷದ ಮೇಲೆ ನವೀಕರಣಕ್ಕೆ ಬಂದರೆ ಆನ್‌ಲೈನಿನಲ್ಲಿಯೂ ವರ್ಗವೊಂದಕ್ಕೆ 9,000 ರೂಪಾಯಿ, ಸಣ್ಣವನಿಗೂ ಅಷ್ಟೇ, ದೊಡ್ಡವನಿಗೂ ಅಷ್ಟೇ. ಬಾಗಿಲಲ್ಲಿ ಕರುಣೆ ತೋರಿಸಿ ಒಳಗೆ ಕರೆದು ಬಾಡಿಗೆ ಏರಿಸಿದಂತಾಯಿತು. ಅರ್ಜಿ ಬೇಗ ನೋಡಬೇಕೆಂದರೆ ಸಣ್ಣವರಿಗೆ 20,000, ಉಳಿದವರಿಗೆ 40,000 ರೂಪಾಯಿಯ ಬೇರೆ ಶುಲ್ಕವಿದೆ. ಅಂದರೆ ಕಾಸಿದ್ದವನಿಗೆ ಬೇಗ, ಇಲ್ಲದವನಿಗೆ ಸರದಿ. ರೇಷನ್ ಅಂಗಡಿಯ ಸಾಲಿನಲ್ಲಿ ಇಂಥ ಪದ್ಧತಿ ತಂದರೆ ನಾವು ಸುಮ್ಮನಿರುತ್ತಿದ್ದೆವೆ?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಬೆಂಗಳೂರಿನಲ್ಲಿ ರಿಜಿಸ್ಟ್ರಿಯ ಶಾಖೆ ತೆರೆಯಬೇಕು. ಅರ್ಜಿಯನ್ನೂ ಅಫಿಡವಿಟ್ಟನ್ನೂ ಕನ್ನಡದಲ್ಲಿ ಕೊಡಲು ಅವಕಾಶವಿರಬೇಕು, ನೋಟೀಸು ಕನ್ನಡದಲ್ಲಿ ಬರಬೇಕು. ನವೀಕರಣಕ್ಕೂ ಸಣ್ಣವರ ರಿಯಾಯಿತಿ ಅನ್ವಯವಾಗಬೇಕು. ಪ್ರತಿ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೂ ಹೆಸರು ಹುಡುಕಿ, ವರ್ಗ ಹೇಳಿ, ಅರ್ಜಿ ತುಂಬಿಕೊಡುವ ಗುಮಾಸ್ತರೊಬ್ಬರು ಇರಬೇಕು. ಇದಕ್ಕೆ ಹೊಸ ಅಣೆಕಟ್ಟು ಕಟ್ಟಬೇಕಾಗಿಲ್ಲ; ಒಂದು ಮೇಜು, ಒಂದು ಯಂತ್ರ, ಮರ್ಯಾದೆಯಿಂದ ಮಾತನಾಡುವ ಒಬ್ಬ ಮನುಷ್ಯ ಸಾಕು.

ಒಬ್ಬರಿಗಿಂತ ಹತ್ತು ಜನ

ಕಾಯಿದೆಯಲ್ಲಿಯೇ ಇನ್ನೊಂದು ದಾರಿಯಿದೆ. ನಮ್ಮವರು ಅದನ್ನು ಅಷ್ಟಾಗಿ ಗಮನಿಸಿಲ್ಲ. ಅದು ಸಾಮೂಹಿಕ ಗುರುತು. ಒಂದು ಸಂಘ ತನ್ನ ಹೆಸರಿನಲ್ಲಿ ಗುರುತನ್ನು ರಿಜಿಸ್ಟರು ಮಾಡಿಸಬಹುದು. ಸದಸ್ಯರೆಲ್ಲ ತಮ್ಮ ಮಾಲಿಗೆ ಅದನ್ನು ಹಾಕಬಹುದು. ಯಾರು ಸದಸ್ಯರು, ಯಾವ ಷರತ್ತಿನ ಮೇಲೆ ಬಳಸಬೇಕು, ಕಲಬೆರಕೆ ಮಾಡಿದವನಿಗೆ ಏನು ಶಿಕ್ಷೆ ಎಂಬ ನಿಯಮಾವಳಿಯನ್ನು ಅರ್ಜಿಯ ಜೊತೆಗೆ ಕೊಡಬೇಕು. ಪಾಲುದಾರಿಕೆ ಸಂಸ್ಥೆಗೆ ಇದು ಸಲ್ಲದು, ಸಂಘಕ್ಕೆ ಸಲ್ಲುತ್ತದೆ. ಹತ್ತು ಮನೆಯ ಊದುಬತ್ತಿಯವರು, ಇಪ್ಪತ್ತು ಮಗ್ಗದವರು ಕೂಡಿ ಒಂದು ಗುರುತು ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ, ದಲ್ಲಾಳಿಯ ಹಿಡಿತ ಸಡಿಲಾಗುತ್ತದೆ, ನಕಲಿಯವನ ಮೇಲೆ ಒಬ್ಬನ ಬದಲು ಇಪ್ಪತ್ತು ಜನ ಎದ್ದು ನಿಲ್ಲುತ್ತಾರೆ. ಹಾಲಿನ ಸಹಕಾರ ಸಂಘಗಳು ಒಂದೇ ಹೆಸರಿನಡಿ ಸೇರಿ ನಿಂತ ನಾಡು ಇದು. ಹಾಲಿಗೆ ಆದದ್ದು ಹಿಟ್ಟಿಗೆ, ಸೀರೆಗೆ, ಊದುಬತ್ತಿಗೆ ಏಕೆ ಆಗಬಾರದು?

ಬೇಡಿಕೆಗಳಿಗಾಗಿ ಹೋರಾಟ ನಡೆಯಲಿ, ಸಂಘ ಕಟ್ಟುವ ಕೆಲಸವೂ ನಡೆಯಲಿ. ಅವು ಕೈಗೂಡುವ ತನಕ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ಕಾರ್ಮಿಕ ಸಂಘದ, ವರ್ತಕರ ಸಂಘದ ಕಚೇರಿ ಇರುವ ಕಡೆಯಲ್ಲೆಲ್ಲ ಭಾನುವಾರ ಎರಡು ಗಂಟೆ ಈ ಕಾಗದಗಳನ್ನು ನೋಡುವ ಏರ್ಪಾಡಾಗಲಿ. ಇಂಗ್ಲಿಷ್ ಓದಬಲ್ಲ ನಮ್ಮ ಹುಡುಗ ಹುಡುಗಿಯರು ಅರ್ಜಿಯ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಲಿ. ಅರ್ಥವಾಗದ ಹಾಳೆಗೆ ಯಾರೂ ಸಹಿ ಹಾಕದಿರಲಿ. ಅಂಗಡಿಕಾರ ಬಂಧುಗಳೇ, ಕಸುಬುದಾರ ತಾಯಂದಿರೇ, ಈ ವಾರ ರದ್ದಿಯವನು ಬಾಗಿಲಿಗೆ ಬಂದಾಗ ಹಳೆಯ ಬಿಲ್ಲಿನ ಕಟ್ಟನ್ನು ಅವನ ತಕ್ಕಡಿಗೆ ಹಾಕಬೇಡಿರಿ. ನಿಮ್ಮ ಹೆಸರು ಅಚ್ಚಾದ ಎಲ್ಲಕ್ಕಿಂತ ಹಳೆಯ ಚೀಟಿಯನ್ನು ಅದರಲ್ಲಿ ಹುಡುಕಿ ತೆಗೆದು, ತಾರೀಖು ನೋಡಿ, ಪೆಟ್ಟಿಗೆಯಲ್ಲಿಡಿ.